ಅಡಿಗೆಮನೆಯ ಟಂಕಸಾಲೆ

ಒಂದು ಮನೆಯ ನಿಜವಾದ ಯಜಮಾನಿ ಯಾರೆಂದು ತಿಳಿಯಬೇಕಾದರೆ ಗೇಟಿನ ನೇಮ್‌ಪ್ಲೇಟನ್ನೋ ರೇಷನ್ ಕಾರ್ಡನ್ನೋ ನೋಡಿ ಪ್ರಯೋಜನವಿಲ್ಲ. ಕುಡಿಯಲು ನೀರು ಕೇಳಬೇಕು. ಕುಡಿಯುವ ನೆಪದಲ್ಲಿ ಲೋಟವನ್ನು ತುಸು ಓರೆ ಮಾಡಿ, ಅಂಚಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರನ್ನು ಓದಿಕೊಳ್ಳಬೇಕು. ಈ ಅಭ್ಯಾಸ ನನಗೆ ಎಷ್ಟು ಅಂಟಿಕೊಂಡಿದೆಯೆಂದರೆ, ಮೊನ್ನೆ ಸಂಬಂಧಿಕರ ಜೊತೆ ಹೆಣ್ಣು ನೋಡಲು ಹೋದವಳು ಹುಡುಗಿಯನ್ನು ಬಿಟ್ಟು ಲೋಟವನ್ನೇ ತಿರುಗಿಸಿ ತಿರುಗಿಸಿ ನೋಡುತ್ತ ಕುಳಿತೆ. "ಆಂಟಿ, ಕಾಫಿಯಲ್ಲಿ ಏನಾದರೂ ಬಿದ್ದಿದೆಯಾ?" ಎಂದು ಹುಡುಗಿ ಗಾಬರಿಯಿಂದ ಕೇಳಿದಳು. ಏನೂ ಬಿದ್ದಿರಲಿಲ್ಲ. ಲೋಟದಲ್ಲಿ ನನಗೆ ಅವಳ ಮುತ್ತಜ್ಜಿ ಸಿಕ್ಕಿದ್ದರು, ಅಷ್ಟೆ. ಇಂಥ ಕೆಟ್ಟ ಕುತೂಹಲ ನನಗೆ ಹೇಗೆ ಬಂತೆಂದು ಹೇಳಬೇಕಾದರೆ ಸೌದಿ ಅರೇಬಿಯಾದ ಒಂದು ಬಾಡಿಗೆ ಮನೆಗೂ, ಹಲ್ಲುನೋವಿನವನಂತೆ ಕಾಣುವ ಒಬ್ಬ ಪರ್ಷಿಯನ್ ದೊರೆಗೂ ನಿಮ್ಮನ್ನು ಪರಿಚಯ ಮಾಡಿಸಬೇಕಾಗುತ್ತದೆ.

ಅದಕ್ಕೆ ಮೊದಲು ನನ್ನ ಪರಿಚಯ. ನನಗೆ ಎರಡು ಹೆಸರು. ತಂದೆ-ತಾಯಿ ಇಟ್ಟದ್ದು ಮಾಲತಿ. ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು ನಾನು. ಅಲ್ಲಿ ಎಲೊಕ್ಯೂಷನ್ ಸ್ಪರ್ಧೆಯಲ್ಲಿ ಗೆದ್ದವರ ಹೆಸರನ್ನು ಒಂದು ಬೆಳ್ಳಿಯ ಕಪ್ಪಿನ ಮೇಲೆ ಕೊರೆಸುತ್ತಿದ್ದರು. ಒಂದು ವರ್ಷ ನನ್ನ ಹೆಸರೂ ಅದರ ಮೇಲೆ ಬಂತು. ಆದರೆ ಅದು ರೋಲಿಂಗ್ ಕಪ್. ಒಂದು ವರ್ಷ ನಮ್ಮ ಮನೆಯ ರೇಡಿಯೋದ ಮೇಲೆ ಗತ್ತಿನಿಂದ ಕುಳಿತಿದ್ದು ಆಮೇಲೆ ಬೇರೆಯವರ ಮನೆಯ ರೇಡಿಯೋಕ್ಕೆ ಹೋಯಿತು. ಲೋಹದ ಮೇಲೆ ಮಾಲತಿ ಎಂಬವಳು ಬದುಕಿದ್ದು ಅಲ್ಲಿ ಮಾತ್ರ. ಆಮೇಲೆ ಮದುವೆ. ನಮ್ಮ ಕೊಂಕಣಿಗರಲ್ಲಿ ಮದುವೆಯ ದಿನ ಹುಡುಗಿಯ ಮನೆತನದ ಹೆಸರಿನ ಜೊತೆಗೆ ಅವಳ ಸ್ವಂತ ಹೆಸರನ್ನೂ ಬದಲಿಸುವ ಪದ್ಧತಿ ಇತ್ತು. ತಟ್ಟೆಯಲ್ಲಿ ಅಕ್ಕಿ ಹರಡುತ್ತಾರೆ. ಮದುಮಗ ಚಿನ್ನದ ಉಂಗುರದಿಂದ ಅದರ ಮೇಲೆ ಹೊಸ ಹೆಸರು ಬರೆಯುತ್ತಾನೆ. ಹೆಸರು ಆರಿಸುವ ಅಧಿಕಾರ ನಮ್ಮಲ್ಲಿ ಅತ್ತೆಯದ್ದಾಗಿತ್ತು. ಮಗ ಪ್ರಭಾಕರ ಕಾಮತ್, ಹಾಗಾಗಿ ಸೊಸೆ ಪ್ರಭಾವತಿ, ಮ್ಯಾಚಿಂಗ್ ಬ್ಲೌಸ್ ಪೀಸಿನ ಹಾಗೆ. ಫ್ರಾಂಕ್ಲಿ, ಆ ಹೆಸರು ಕೇಳಿದ ಕೂಡಲೇ ನನ್ನ ಕಣ್ಣ ಮುಂದೆ ಬಂದದ್ದು ಸೊಂಟ ಹಿಡಿದುಕೊಂಡು ಕಷಾಯ ಕುಡಿಯುವ ಒಬ್ಬ ದಪ್ಪ ಹೆಂಗಸು. ಈಗ ಆ ಹೆಂಗಸು ನಾನೇ ಆಗಿದ್ದೇನೆ, ಅದು ಬೇರೆ ಮಾತು. "ಅಕ್ಕಿಯ ಮೇಲೆ ಬರೆದದ್ದಲ್ವಾ ಮಗಾ, ಒಮ್ಮೆ ಕೈಯಾಡಿಸಿದರೆ ಹೋಯ್ತು" ಎಂದು ಅಪ್ಪ ಸಮಾಧಾನ ಹೇಳಿದ್ದರು. ಪಾಪ, ಅವರು ಎಂದೂ ಸೊಸೆಯಾಗಿದ್ದವರಲ್ಲ.

ಎಂಬತ್ತರ ದಶಕದ ಮೊದಲಲ್ಲಿ ನಮ್ಮವರಿಗೆ ಸೌದಿಯ ದಹ್ರಾನಿನಲ್ಲಿ ಡ್ರಾಫ್ಟ್ಸ್‌ಮನ್ ಕೆಲಸ ಸಿಕ್ಕಿತು. ಒಂದು ವರ್ಷದ ಮೇಲೆ ನನ್ನನ್ನು ಕರೆಸಿಕೊಂಡರು. ಪಾಸ್‌ಪೋರ್ಟಿಗೆ ಕಾನ್ವೆಂಟಿನ ಸರ್ಟಿಫಿಕೇಟ್ ಕೊಟ್ಟಿದ್ದೆ. ಹಾಗಾಗಿ ಪಾಸ್‌ಪೋರ್ಟಿನಲ್ಲಿ ಮಾಲತಿ, ವೀಸಾದಲ್ಲಿ ಮಾಲತಿ, ಗಂಡನ ಇಕಾಮಾ, ಅಂದರೆ ವಾಸದ ಪರವಾನಗಿಯ, ಪುಸ್ತಕದಲ್ಲಿ ನನ್ನ ಫೋಟೋದ ಪಕ್ಕ ಅರಬ್ಬಿ ಅಕ್ಷರದಲ್ಲಿ ಮಾಲತಿ. ಆ ದೇಶಕ್ಕೆ ಬಂದು ಅಬಾಯಾ ತೊಟ್ಟ ಮೇಲೆ ತಾವು ಯಾರೆಂದೇ ಮರೆತುಹೋಯಿತು ಎಂದು ಎಷ್ಟೋ ಹೆಂಗಸರು ದೂರುತ್ತಿದ್ದರು. ನನಗೆ ತದ್ವಿರುದ್ಧ. ಆ ಕಪ್ಪು ಬಟ್ಟೆಯೊಳಗೆ ನಾನು ನನಗೇ ವಾಪಸ್ ಸಿಕ್ಕಿಬಿಟ್ಟಿದ್ದೆ. ನಮ್ಮ ಮನೆ ಪಕ್ಕದ ಖೋಬಾರ್ ಪೇಟೆಯ ಥುಕ್ಬಾ ಬಡಾವಣೆಯಲ್ಲಿ, ಮೂರು ಮಾಳಿಗೆಯ ಕಟ್ಟಡದ ಎರಡನೆಯದರಲ್ಲಿ. ಬಾಗಿಲ ಸಂದಿಗೆ ಎಷ್ಟು ಚಿಂದಿ ತುರುಕಿದರೂ ಮರಳು ಒಳಗೆ ಬರುತ್ತಿತ್ತು, ಏಸಿ ಹಾಕಿದರೆ ಮಾತು ಕೇಳಿಸುತ್ತಿರಲಿಲ್ಲ, ಮಾತಾಡಬೇಕೆಂದರೆ ಬೇಯಬೇಕಾಗಿತ್ತು. ಆದರೂ ಅದು ನನ್ನ ರಾಜ್ಯ. ಸಾರಿಗೆ ಬೆಲ್ಲ ಎಷ್ಟು ಎಂದು ಕೇಳುವವರಿಲ್ಲ. ಎದುರು ಬಾಗಿಲಿನಲ್ಲಿ ಝುಬೈದಾ ಇದ್ದಳು, ಉಪ್ಪಿನಂಗಡಿ ಕಡೆಯ ಬ್ಯಾರಿ ಹುಡುಗಿ. ಗಂಡ ಹಮೀದ್ ಕೆಳಗಿನ ರಸ್ತೆಯಲ್ಲಿ ಟೈಲರ್ ಅಂಗಡಿ ಇಟ್ಟಿದ್ದ. ಬಂದ ದಿನವೇ "ಹೆಸರೆಂತ ನಿಮ್ಮದು?" ಎಂದು ಕೇಳಿದಳು. ಎಷ್ಟೋ ವರ್ಷಗಳ ಮೇಲೆ, ಗಂಟಲು ಸರಿಮಾಡಿಕೊಂಡು, ಎಲೊಕ್ಯೂಷನ್ ಸ್ಟೈಲಿನಲ್ಲೇ "ಮಾಲತಿ" ಎಂದೆ. ಅವಳ ಬಾಯಲ್ಲಿ ಅದು ಮಾಲತಕ್ಕ ಆಯಿತು. ಇಡೀ ಥುಕ್ಬಾಕ್ಕೇ ನಾನು ಮಾಲತಕ್ಕ.

ಇನ್ನು ದೊರೆಯ ಸಂಗತಿ. ನಮ್ಮವರ ಆಫೀಸಿನಲ್ಲಿ ಬೊಂಬಾಯಿಯ ಒಬ್ಬ ಪಾರ್ಸಿ ಇಂಜಿನಿಯರ್ ಇದ್ದರು, ರುಸ್ತುಮ್ ಅಂಕಲ್. ಹೆಂಡತಿ ತೀರಿಕೊಂಡಿದ್ದರು. ಕಂಪೆನಿಯ ಕ್ಯಾಂಪಿನ ಊಟ ಬೇಜಾರು ಬಂದು ಶುಕ್ರವಾರದ ರಜೆಗೆ ನಮ್ಮಲ್ಲಿಗೆ ಬರುತ್ತಿದ್ದರು. ನನ್ನ ದಾಳಿತೋಯ್, ಅಂದರೆ ಕೊಂಕಣಿ ಬೇಳೆಸಾರು, ಉಂಡು "ನಮ್ಮ ಧನ್‌ಸಾಕಿನ ಬಡ ತಂಗಿ" ಎಂದು ಸರ್ಟಿಫಿಕೇಟ್ ಕೊಡುತ್ತಿದ್ದರು. ನನ್ನನ್ನು ಡೀಕ್ರಿ, ಮಗಳೇ, ಎಂದೇ ಕರೆಯುವುದು. ಬಹರೈನಿಗೆ ಸಮುದ್ರದ ಮೇಲೆ ಸೇತುವೆ ಆದ ಹೊಸತು, ಎಲ್ಲರಿಗೂ ಅದರ ಮೇಲೆ ಹೋಗಿ ಬರುವ ಹುಚ್ಚು. ಅಂಕಲ್ ಕೂಡ ಹೋದರು. ಮನಾಮಾದ ಪೇಟೆಯಿಂದ ಬಂದವರು ಜೇಬಿನಿಂದ ಕ್ಯಾಮೆರಾ ಫಿಲ್ಮಿನ ಕಪ್ಪು ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಹತ್ತಿಯಲ್ಲಿ ಸುತ್ತಿದ ಒಂದು ದಪ್ಪನೆಯ ಬೆಳ್ಳಿ ನಾಣ್ಯವನ್ನು ನನ್ನ ಅಂಗೈಗೆ ಹಾಕಿದರು. ದಿನವೂ ನಮ್ಮ ಕೈಯಲ್ಲಿ ಓಡಾಡುತ್ತಿದ್ದ ಸೌದಿ ಚಿಲ್ಲರೆಯಲ್ಲಿ ಯಾರ ಮುಖವೂ ಇರುವುದಿಲ್ಲ, ಒಂದು ಖರ್ಜೂರದ ಮರ, ಎರಡು ಕತ್ತಿ, ಅಷ್ಟೆ. ಅದನ್ನೇ ನೋಡಿ ಅಭ್ಯಾಸವಾದವಳಿಗೆ ನಾಣ್ಯದಲ್ಲಿ ಒಬ್ಬ ಮನುಷ್ಯ ಕಂಡು ಬೆಚ್ಚಿದ ಹಾಗಾಯಿತು. ಗಡ್ಡದ ಮನುಷ್ಯ. ಕಿವಿ ಮುಚ್ಚಿ ಗದ್ದದ ಕೆಳಗೆ ಇಳಿಯುವಂಥ ಮೆತ್ತನೆಯ ಟೊಪ್ಪಿ. "ಹಲ್ಲುನೋವಾ ಇವನಿಗೆ?" ಎಂದೆ. ಅಂಕಲ್ ನಾಣ್ಯವನ್ನು ನನ್ನ ಅಂಗೈಯಿಂದ ವಾಪಸ್ ಕಿತ್ತುಕೊಂಡರು.

ಆಮೇಲೆ ಕೋಪ ಇಳಿದು ಹೇಳಿದರು. ಗ್ರೀಕರು ಪರ್ಷಿಯಾವನ್ನೆಲ್ಲ ಗೆದ್ದುಕೊಂಡ ಮೇಲಿನ ಕಾಲ. ದೊಡ್ಡ ದೊರೆ ಎಲ್ಲೋ ದೂರದ ಅರಮನೆಯಲ್ಲಿ. ಆಗ ಪಾರ್ಸ್ ಎಂಬ ಪ್ರಾಂತ್ಯದಲ್ಲಿ ಅಲ್ಲಿಯವರೇ ಆದ ಕೆಲವು ಅಧಿಪತಿಗಳು ತಮ್ಮದೇ ಬೆಳ್ಳಿ ನಾಣ್ಯ ಹೊಡೆಸತೊಡಗಿದರು. ಆ ಪ್ರಾಂತ್ಯ ನಮ್ಮ ಖೋಬಾರಿನ ಸಮುದ್ರ ದಂಡೆಯಲ್ಲಿ ನಿಂತು ಆಚೆ ಕೈ ತೋರಿಸಿದರೆ ಆ ದಿಕ್ಕಿಗೇ. ಪಾರ್ಸಿಗಳಿಗೆ ಹೆಸರು ಬಂದದ್ದೂ ಅಲ್ಲಿಂದಲೇ. ನಾಣ್ಯದ ಒಂದು ಬದಿಗೆ ತಮ್ಮ ಮುಖ, ತಮ್ಮ ಊರಿನ ಟೊಪ್ಪಿ. ಇನ್ನೊಂದು ಬದಿಗೆ ತಮ್ಮ ಅಗ್ನಿಯ ಗುಡಿ, ಅದರ ಮುಂದೆ ನಿಂತು ಕೈಯೆತ್ತಿ ಪ್ರಾರ್ಥಿಸುವ ತಾವೇ. ಆದರೆ ಹುಷಾರು ನೋಡಿ, ರಾಜ ಎಂದು ಬರೆಸಿಕೊಳ್ಳಲಿಲ್ಲ, ಅಧಿಪತಿ ಎಂದಷ್ಟೇ. ಗ್ರೀಕರು ಹೋಗಿ ಪಾರ್ಥಿಯನ್ನರು ಬಂದು ಕೆಲವು ತಲೆಮಾರು ಕಳೆದ ಮೇಲೆ ಮೆಲ್ಲಗೆ ರಾಜ ಎಂದು ಹಾಕಿಸಿಕೊಳ್ಳತೊಡಗಿದರು. ಆಗಲೂ ಮೇಲೊಬ್ಬ ಚಕ್ರವರ್ತಿ ಇದ್ದೇ ಇದ್ದ. ಕಾನ್ವೆಂಟಿನಲ್ಲಿ ಹಿಸ್ಟರಿ ಎಂದರೆ ನಿದ್ದೆ ಮಾಡುತ್ತಿದ್ದ ನನಗೆ ಇದು ಮಾತ್ರ ಥಟ್ಟನೆ ಅರ್ಥವಾಯಿತು. ಸೊಸೆಯಾದವಳು ಅಡಿಗೆಮನೆ ಹಿಡಿಯುವ ಕ್ರಮ ಇದಲ್ಲದೆ ಬೇರೆ ಯಾವುದು? ಮೊದಲು ಉಪ್ಪು ಎಷ್ಟು ಹಾಕಲಿ ಎಂದು ಕೇಳಿ ಹಾಕುವುದು. ಆಮೇಲೆ ಹಾಕಿ ಹೇಳುವುದು. ಕೊನೆಗೆ ಹೇಳದೆ ಹಾಕುವುದು. ಎಷ್ಟು ಮಾಡಿದರೂ ಮೇಲೆ ಅತ್ತೆ ಇದ್ದೇ ಇರುತ್ತಾರೆ.

"ಅಸಲು ಮಜಾ ಇಲ್ಲಿದೆ, ಡೀಕ್ರಿ" ಎಂದು ಅಂಕಲ್ ಭೂತಗನ್ನಡಿ ಕೊಟ್ಟರು. "ಇವನು ಹೊಸ ಬೆಳ್ಳಿ ಕರಗಿಸಲಿಲ್ಲ. ಗ್ರೀಕ್ ದೊರೆಯ ನಾಣ್ಯವನ್ನೇ ತೆಗೆದುಕೊಂಡು ಅದರ ಮೇಲೆ ತನ್ನ ಅಚ್ಚಿಟ್ಟು ಸುತ್ತಿಗೆಯಲ್ಲಿ ಹೊಡೆದ. ಹೊಡೆತ ಪೂರಾ ಕೂರಲಿಲ್ಲ." ನೋಡಿದೆ. ಟೊಪ್ಪಿಯ ಹಿಂಬದಿಯಲ್ಲಿ, ಅಲ್ಲಿ ಇರಬಾರದಾಗಿದ್ದ ಗುಂಗುರು ಕೂದಲಿನ ಒಂದು ಸುರುಳಿ. ಗಡ್ಡದ ಪಕ್ಕದಲ್ಲಿ ಮಬ್ಬಾಗಿ ಇನ್ಯಾರದೋ ಮೂಗು. ಮೇಲೊಬ್ಬ, ಅಡಿಯಲ್ಲೊಬ್ಬ. ನನಗೆ ಯಾಕೋ ಅಕ್ಕಿಯ ತಟ್ಟೆ ನೆನಪಾಯಿತು. "ಆ ನಾಣ್ಯ ಹೊಡೆದದ್ದು ಮನಾಮಾದಲ್ಲೇ, ನಿನ್ನೆ ಬೆಳಿಗ್ಗೆ" ಎಂದು ನಮ್ಮವರು ಕೊನೆಯವರೆಗೂ ವಾದಿಸುತ್ತಿದ್ದರು. ಅಸಲೋ ನಕಲಿಯೋ ನನಗೆ ಗೊತ್ತಿಲ್ಲ. ನಾನು ಮಾತ್ರ ಅಡಿಯಲ್ಲಿ ಸಿಕ್ಕಿಕೊಂಡವನ ಪಕ್ಷ ವಹಿಸಿದ್ದೆ.

ಅಷ್ಟರಲ್ಲಿ ಚಕ್ರವರ್ತಿಯ ಆಗಮನವಾಯಿತು. ನಮ್ಮ ಅತ್ತೆ, ಅವರನ್ನು ನಾವು ಕೊಂಕಣಿಯಲ್ಲಿ ಮಾಂಯ್ ಎನ್ನುತ್ತೇವೆ, ವಿಸಿಟ್ ವೀಸಾದಲ್ಲಿ ಆರು ತಿಂಗಳಿಗೆಂದು ಬಂದರು. ಏರ್‌ಪೋರ್ಟಿನಿಂದ ನಮ್ಮವರು ಮುಂದೆ ಮುಂದೆ, ಹಿಂದೆ ಹಗ್ಗ ಬಿಗಿದ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ, ಅದರ ಹಿಂದೆ ಮಾಂಯ್. ಮನೆಗೆ ಬಂದು ಹಗ್ಗ ಬಿಚ್ಚಿದರೆ ಫಳಫಳ ಸ್ಟೀಲು. ಡಬ್ಬಿಗಳು, ಲೋಟಗಳು, ಬಟ್ಟಲು, ಬೋಗುಣಿ, ಸೌಟು. "ಗಾಜಿನ ಬೋಗುಣಿಯಲ್ಲಿ ಅನ್ನ ಇಟ್ಟುಕೊಂಡು ಉಣ್ಣುವುದು ಎಂಥ ಸಂಸಾರ? ನೋಡು, ಎಲ್ಲ ನಿನಗೇ ಅಂತ ಹೆಸರು ಹಾಕಿಸಿಯೇ ತಂದಿದ್ದೇನೆ" ಎಂದರು. ತಿರುಗಿಸಿ ನೋಡಿದೆ. ಪ್ರಭಾವತಿ. ಇನ್ನೊಂದು ತಿರುಗಿಸಿದೆ. ಪ್ರಭಾವತಿ. ಸೌಟಿನ ಹಿಡಿಯ ಮೇಲೂ, ಜಾಗ ಸಾಲದೆ ಎರಡು ಸಾಲಿನಲ್ಲಿ ಪ್ರಭಾವತಿ. ಅಪ್ಪ ಹೇಳಿದ ಹಾಗೆ ಕೈಯಾಡಿಸಿ ನೋಡಿದೆ. ಅಕ್ಕಿಯಲ್ಲ, ಸ್ಟೀಲು. ಬೆರಳಿಗೆ ಚುಕ್ಕಿ ಚುಕ್ಕಿ ತಾಗಿತು. ಮರುದಿನದಿಂದ ನನ್ನ ರಾಜ್ಯದಲ್ಲಿ ನಾನು ಸಾಮಂತಳೂ ಅಲ್ಲ, ಸಾಮಂತಳ ಕೆಲಸದವಳು. ಸಾರಿಗೆ ಬೆಲ್ಲ ಜಾಸ್ತಿಯಾಯಿತು, ಒಗ್ಗರಣೆಗೆ ಇಂಗು ಕಡಿಮೆಯಾಯಿತು, "ಪ್ರಭಾವತೀ" ಎಂಬ ಕರೆ ಏಸಿಯ ಸದ್ದನ್ನೂ ಮೀರಿ ಮೂರೂ ಕೋಣೆಗಳಲ್ಲಿ ಓಡಾಡತೊಡಗಿತು. ಒಂದು ವಾರದಲ್ಲಿ ನನಗೆ ಮೈಗ್ರೇನ್ ಬಂತು.

ಆ ಮಧ್ಯಾಹ್ನವೇ ಝುಬೈದಾ ಊರಿನಿಂದ ಬಂದದ್ದು. ರಜೆಗೆ ಹೋಗಿದ್ದವಳಿಗೆ ಮಾಂಯ್ ಬಂದ ಸುದ್ದಿ ಗೊತ್ತಿರಲಿಲ್ಲ. ಬಂದವಳೇ ನಮ್ಮ ಬಾಗಿಲು ತಟ್ಟಿದಳು. ಒಳಗೆ ಮಲಗಿದ್ದ ನನಗೆ ಏನೂ ಕೇಳಿಸಲಿಲ್ಲ. ಮುಂದಿನದೆಲ್ಲ ಆಮೇಲೆ ಇಬ್ಬರ ಬಾಯಿಂದಲೂ ಕೇಳಿ ಜೋಡಿಸಿಕೊಂಡದ್ದು.

"ಮಾಲತಕ್ಕ ಇದ್ದಾರಾ?"

"ಮಾಲತಿಯಾ? ಹಾಗೆ ಯಾರೂ ಇಲ್ಲಿ ಇಲ್ಲ."

"ಅಲ್ಲ, ಕಾಮತರ ಹೆಂಡತಿ..."

"ನನ್ನ ಮಗನ ಹೆಂಡತಿ ಪ್ರಭಾವತಿ. ಒಳಗೆ ಮಲಗಿದ್ದಾಳೆ, ಅವಳಿಗೆ ತಲೆನೋವು. ನೀವು ಎಲ್ಲಿಯವರು?"

ಝುಬೈದಾ ಎಲ್ಲಿಯವಳೆಂದು ಹೇಳದೆ ಹಿಂದೆ ಹಿಂದೆ ನಡೆದು ತನ್ನ ಬಾಗಿಲು ಹಾಕಿಕೊಂಡಳಂತೆ. ಮಾಂಯ್ ನನ್ನ ಹಳೆಯ ಹೆಸರನ್ನು ನಿಜವಾಗಿ ಮರೆತಿದ್ದರೋ, ಮರೆತ ಹಾಗೆ ಮಾಡಿದರೋ ದೇವರಿಗೇ ಗೊತ್ತು. ಸಂಜೆ ತಲೆನೋವು ಇಳಿದ ಮೇಲೆ, ಅವಳು ಬಂದಿದ್ದಾಳೆಂದು ತಿಳಿದು, ಕಡಲೆಬೇಳೆ ಪಾಯಸ ಕಳುಹಿಸಿದೆ. ಹೊಸ ಬೋಗುಣಿಯಲ್ಲಿ. ಅವಳು ಕನ್ನಡ ಶಾಲೆಯಲ್ಲಿ ಓದಿದವಳು. ಪಾಯಸ ಮುಗಿದ ಮೇಲೆ ಬೋಗುಣಿಯನ್ನು ತಿರುಗಿಸಿ ಓದಿದಳು. ನೆರೆಮನೆಯ ಪಾತ್ರೆ ಖಾಲಿ ವಾಪಸ್ ಕೊಡುವ ವಾಡಿಕೆ ನಮ್ಮಿಬ್ಬರಲ್ಲಿ ಯಾರಿಗೂ ಇರಲಿಲ್ಲ. ಮರುದಿನ ಮೆಟ್ಟಿಲ ಬಳಿ ಸಿಕ್ಕಿದಳು, ಒಂದು ಕೈಯಲ್ಲಿ ತನ್ನ ಪಾತ್ರೆಯಲ್ಲಿ ತುಪ್ಪದನ್ನ, ಇನ್ನೊಂದರಲ್ಲಿ ನನ್ನ ಬೋಗುಣಿ ಖಾಲಿ.

"ಅಕ್ಕ, ನೀವು ಎಂತದೂ ಹೇಳ್ಬೇಡಿ. ನನಗೆ ಎಲ್ಲ ಗೊತ್ತಾಗಿದೆ" ಎಂದವಳು ಅತ್ತೇಬಿಟ್ಟಳು.

ಅತ್ತೆಯ ಕಾಟ ಇಷ್ಟು ಬೇಗ ಗೋಡೆ ದಾಟಿ ಕೇಳಿಸಿತಲ್ಲ ಎಂದು ನನಗೂ ಅಳು ಬಂತು. "ಏನು ಮಾಡುವುದು ಝುಬೈದಾ, ಸಹಿಸಿಕೊಳ್ಳಬೇಕು. ಆರು ತಿಂಗಳು ತಾನೆ" ಎಂದೆ.

"ಆರೇ ತಿಂಗಳಾ? ವಿಸಿಟ್ ವೀಸಾದಲ್ಲಿ ಬಂದದ್ದಾ ಅವಳು?"

"ಮತ್ತೆ? ವಯಸ್ಸಾದವರು, ಆಸೆಪಟ್ಟು ಬಂದಿದ್ದಾರೆ. ಎಷ್ಟೆಂದರೂ ಅವರಿಗೂ ಈ ಮನೆಯಲ್ಲಿ ಹಕ್ಕು ಉಂಟಲ್ಲ."

"ಯಾ ಅಲ್ಲಾ, ವಯಸ್ಸೂ ಆಗಿದೆಯಾ!" ಎಂದು ಝುಬೈದಾ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಪಾತ್ರೆಗೆಲ್ಲ ಹೆಸರು ಹಾಕಿಸಿಯಾಯ್ತು, ಇನ್ನೆಂತ ಉಳೀತು ನಿಮಗೆ?"

ಆ ಕೊನೆಯ ಮಾತು ನೇರ ನನ್ನ ಎದೆಗೆ ನಾಟಿದ್ದರಿಂದ ಉಳಿದದ್ದು ಸರಿಹೊಂದುತ್ತದೆಯೇ ಎಂದು ನಾನು ಯೋಚಿಸಲೇ ಇಲ್ಲ. ಅಂದಿನಿಂದ ನಮ್ಮವರ ಗ್ರಹಚಾರ ಕೆಟ್ಟಿತು. ಹಮೀದ್ ನಮ್ಮವರ ಪ್ಯಾಂಟಿನ ಬಟ್ಟೆಯನ್ನು ಹೊಲಿಯದೆ ಹಾಗೇ ಮಡಚಿ ವಾಪಸ್ ಕಳುಹಿಸಿದ. ಬಕಾಲದ, ಅಂದರೆ ಮೂಲೆಯ ದಿನಸಿ ಅಂಗಡಿಯ, ಕುಂದಾಪುರದ ಹುಡುಗರು ಇವರು ಹೋದ ಕೂಡಲೇ ಮಾತು ನಿಲ್ಲಿಸುತ್ತಿದ್ದರು. ಉಡುಪಿಯ ಒಬ್ಬ ಸಹೋದ್ಯೋಗಿ ಮಾತ್ರ ವಿಶೇಷ ಗೌರವದಿಂದ ಬದಿಗೆ ಕರೆದು, "ಈ ಬಾಡಿಗೆಯಲ್ಲಿ ಹೇಗೆ ಮಾರಾಯ್ರೆ ಸುಧಾರಿಸ್ತೀರಿ ನೀವು?" ಎಂದು ಕೇಳಿದರಂತೆ. ಬಾಡಿಗೆ ಏರಿದ ಬಗ್ಗೆ ಇರಬೇಕೆಂದು ನಮ್ಮವರು, "ಕಷ್ಟ, ಆದರೆ ಅಡ್ಜಸ್ಟ್ ಆಗುತ್ತದೆ" ಎಂದು ಉತ್ತರಿಸಿ ಬಂದಿದ್ದರು.

ಶುಕ್ರವಾರ ಎಲ್ಲ ಹೊರಗೆ ಬಿತ್ತು. ರುಸ್ತುಮ್ ಅಂಕಲ್ ಊಟಕ್ಕೆ ಬಂದು ಕುಳಿತಿದ್ದರು. ಮಾಂಯ್ ಅಡಿಗೆಮನೆಯಲ್ಲಿ ನನ್ನ ಸಾರನ್ನು ರಿಪೇರಿ ಮಾಡುತ್ತಿದ್ದರು. ಬಾಗಿಲು ಬಡಿದ ಸದ್ದಾಯಿತು. ಮುಂದೆ ಝುಬೈದಾ, ಹಿಂದೆ ಎಳೆದು ತಂದಂತಿದ್ದ ಹಮೀದ್.

"ಕಾಮತರೇ, ಹೊರಗಿನವರು ನಾವು, ಹೇಳ್ಬಾರ್ದು" ಎಂದು ಹಮೀದ್ ನೆಲ ನೋಡುತ್ತ ಶುರುಮಾಡಿದ. "ಆದ್ರೆ ಈಕೆ ಒಂದು ವಾರದಿಂದ ನನಗೆ ಸಮ ಊಟ ಹಾಕ್ಲಿಲ್ಲ. ಗಂಡಸರೆಲ್ಲ ಒಂದೇ ಜಾತಿ ಅಂತೆ. ನಾನೆಂತ ಮಾಡಿದ್ದೇನೆ ಮಾರಾಯ್ರೆ?"

"ನೀವು ಸುಮ್ಮನಿರಿ" ಎಂದು ಅವನನ್ನು ಬದಿಗೆ ಸರಿಸಿ ಝುಬೈದಾ ನಮ್ಮವರ ಎದುರು ನಿಂತಳು. "ಭಾವ, ಈ ಬಿಲ್ಡಿಂಗಿನಲ್ಲಿ ನಮ್ಮವರು ಇಷ್ಟು ಜನ ಉಂಟು, ಒಬ್ಬರಾದ್ರೂ ಎರಡು ಕಟ್ಟಿಕೊಂಡಿದ್ದಾರಾ? ನಿಮಗೆಂತ ಬಂತು ರೋಗ? ಚಿನ್ನದ ಹಾಗಿನ ಅಕ್ಕ! ಕರೀರಿ ಆ ಪ್ರಭಾವತಿಯನ್ನು ಹೊರಗೆ. ನನಗೆ ಅವಳ ಮುಖ ಒಮ್ಮೆ ನೋಡ್ಬೇಕು."

ನಮ್ಮವರ ಬಾಯಿ ತೆರೆದದ್ದು ಮುಚ್ಚಲಿಲ್ಲ. ಮಾಂಯ್ ಸೌಟು ಹಿಡಿದುಕೊಂಡೇ ಹೊರಗೆ ಬಂದರು. ಆ ಸೌಟನ್ನೇ ನನ್ನ ಕಡೆಗೆ ನೀಡಿ, "ಇಗಾ, ಎದುರೇ ನಿಂತಿದ್ದಾಳಲ್ಲ!" ಎಂದರು. ಝುಬೈದಾ ಕತ್ತು ಚಾಚಿ ನನ್ನ ಬೆನ್ನ ಹಿಂದೆ ಯಾರಿದ್ದಾರೆಂದು ನೋಡಿದಳು. ಅಲ್ಲಿ ಫ್ರಿಜ್ ಇತ್ತು.

ಅರ್ಥ ಮಾಡಿಸಲು ಸ್ವಲ್ಪ ಹೊತ್ತು ಹಿಡಿಯಿತು. ಅಕ್ಕಿಯ ತಟ್ಟೆಯ ಕತೆಯನ್ನೆಲ್ಲ ಕೇಳಿದ ಮೇಲೆ ಝುಬೈದಾ ಸೋಫಾದ ಮೇಲೆ ಕುಸಿದು ಕುಳಿತು, "ಹಾಗಾದ್ರೆ ನಿಮಗೆ ನೀವೇ ಸವತಿಯಾ ಅಕ್ಕ?" ಎಂದಳು. ಎಲ್ಲರೂ ನಕ್ಕರು. ಹಮೀದ್ ಕಣ್ಣೊರೆಸಿಕೊಂಡು ನಕ್ಕ, ಅವನಿಗೆ ಅಂದಿನಿಂದ ಊಟ ಗ್ಯಾರಂಟಿ. ನಾನು ನಗಲಿಲ್ಲ. ನಗಬೇಕೆಂದು ಬಾಯಿ ತೆರೆದವಳಿಗೆ ಬೇರೆಯೇ ಮಾತು ಬಂತು. "ಮಾಂಯ್, ಈ ಮನೆಯಲ್ಲಿ ನಾನು ಮಾಲತಿ" ಎಂದೆ. ಎಲೊಕ್ಯೂಷನ್ ಸ್ಪರ್ಧೆಯಲ್ಲೂ ಅಷ್ಟು ಸ್ಪಷ್ಟವಾಗಿ ಮಾತಾಡಿರಲಿಲ್ಲ. ನಗು ನಿಂತಿತು. ಅತ್ತೆಗೆ ಎದುರು ಮಾತಾಡಿದ್ದು ಅದೇ ಮೊದಲು, ಅದೂ ನೆರೆಯವರ ಮುಂದೆ. ಸೌಟಿನಿಂದ ಸಾರು ಕಾರ್ಪೆಟ್ಟಿನ ಮೇಲೆ ತೊಟ್ಟಿಕ್ಕುತ್ತಿತ್ತು.

ಮೊದಲು ಅಲುಗಿದವರು ರುಸ್ತುಮ್ ಅಂಕಲ್. ಗಾಬರಿಯಾದಾಗ ಕೆಲವರು ಸಿಗರೇಟು ತೆಗೆಯುತ್ತಾರೆ, ಅವರು ನಾಣ್ಯ ತೆಗೆದರು. "ಮಾಂಜೀ, ಏ ದೇಖೋ" ಎಂದು ಮಾಂಯ್ ಕೈಯಿಂದ ಸೌಟು ತೆಗೆದುಕೊಂಡು ದೊರೆಯನ್ನು ಇಟ್ಟರು. ತಮ್ಮ ಬೊಂಬಾಯಿ ಹಿಂದಿಯಲ್ಲಿ ಗ್ರೀಕರಿಂದ ಹಿಡಿದು ಸುತ್ತಿಗೆಯ ಹೊಡೆತದವರೆಗೆ ಎಲ್ಲ ಹೇಳಿದರು. ನಮ್ಮವರು ಕೊಂಕಣಿಗೆ ತಿರುಗಿಸಿದರು. ನಡುವೆ "ನಕಲಿ ಇರಬಹುದು" ಎಂದು ಸೇರಿಸುವುದನ್ನೂ ಮರೆಯಲಿಲ್ಲ. ಮಾಂಯ್ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಕಿಟಕಿಯ ಹತ್ತಿರ ಹೋಗಿ ಬೆಳಕಿಗೆ ಹಿಡಿದು ನೋಡಿದರು.

"ಹೊಡೆದವನು ಸಮ ಹೊಡೀಲಿಲ್ಲ" ಎಂದರು. "ಅಡಿಯವನು ಇನ್ನೂ ಇದ್ದಾನೆ." ಆಮೇಲೆ ನಾಣ್ಯದಿಂದ ಕಣ್ಣೆತ್ತದೆ, "ನಾನು ಮುಕ್ತಾ" ಎಂದರು.

ಯಾರಿಗೂ ತಿಳಿಯಲಿಲ್ಲ. ಹೆತ್ತ ಮಗನಿಗೇ ತಿಳಿಯಲಿಲ್ಲ. ಅವರಿಗೆ ಅಮ್ಮ ಎಂದರೆ ರುಕ್ಮಿಣಿ ಕಾಮತ್.

"ಮದುವೆಗೆ ಮುಂಚೆ ನಾನು ಮುಕ್ತಾ. ಆ ಹೆಸರಿನಲ್ಲಿ ಕರೆಯುವವರು ಈಗ ಯಾರೂ ಉಳಿದಿಲ್ಲ. ಆ ರುಕ್ಮಿಣಿಯೂ ಬಾಯಲ್ಲಿ ಮಾತ್ರ. ನಮ್ಮ ಮನೆಯ ಹಂಡೆಯಿಂದ ಹಿಡಿದು ಚಮಚದವರೆಗೆ ಎಲ್ಲದರ ಮೇಲೆ ಮಾವನವರ ಇನೀಷಿಯಲ್. ಅಷ್ಟು ವರ್ಷ ಅಷ್ಟು ಪಾತ್ರೆ ತಿಕ್ಕಿದೆ, ನನ್ನ ಹೆಸರಿನದ್ದು ಒಂದೂ ಇರಲಿಲ್ಲ." ಈಗ ನನ್ನ ಕಡೆ ತಿರುಗಿದರು. ದನಿ ಮತ್ತೆ ಏರಿತು. "ನಿನಗೆ ಹಾಗೆ ಆಗಬಾರದು ಅಂತ ಅಂಗಡಿಯವನ ಎದುರು ಕೂತು ಒಂದೊಂದಕ್ಕೂ ನಿನ್ನ ಹೆಸರು ಹಾಕಿಸಿದೆ. ಮಗನ ಹೆಸರು ಹಾಕಿಸಿದೆನಾ? ನೋಡು ಬೇಕಾದರೆ, ಒಂದರಲ್ಲಿ ಆದರೂ ಉಂಟಾ? ಅದು ನಿನ್ನ ಹೆಸರೇ ಅಲ್ಲ ಅಂತ ನನಗೆ ಯಾರು ಹೇಳಿದರು? ಲೋಟದ ಇನ್ನೊಂದು ಬದಿ ಖಾಲಿ ಉಂಟು. ಹೋಗಿ ಹಾಕಿಸಿಕೋ ನಿನ್ನ ಮಾಲತಿಯನ್ನು." ಹೀಗೆಂದು ಅಂಕಲ್ ಕೈಯಿಂದ ಸೌಟು ಕಿತ್ತುಕೊಂಡು ಒಳಗೆ ಹೋದರು. ಅಂದಿನ ಸಾರಿಗೆ ಉಪ್ಪೇ ಇರಲಿಲ್ಲ. ಯಾರೂ ಹೇಳಲಿಲ್ಲ.

ಮುಂದಿನ ವಾರ ಒಂದು ಲೋಟ ಹಿಡಿದುಕೊಂಡು ನಮ್ಮವರ ಜೊತೆ ಖೋಬಾರಿನ ಪೇಟೆಗೆ ಹೋದೆ. ಪೆನ್ನು, ಗಡಿಯಾರ, ಶೀಲ್ಡುಗಳ ಮೇಲೆ ಹೆಸರು ಕೊರೆಯುವ ಒಬ್ಬ ಸಿಯಾಲ್‌ಕೋಟಿನ ಮುದುಕ ಅಲ್ಲಿದ್ದ. ಲೋಟ ನೋಡಿ ನಕ್ಕ. ಯಾವ ಭಾಷೆಯಾದರೂ ಸರಿ, ಕಾಗದದ ಮೇಲೆ ಬರೆದುಕೊಡು, ಚಿತ್ರದ ಹಾಗೆ ನೋಡಿ ಬರೆಯುತ್ತೇನೆ, ಅಕ್ಷರಕ್ಕೆ ಇಷ್ಟು ಎಂದ. ಪೆನ್ನು ಕೈಗೆ ತೆಗೆದುಕೊಂಡೆ. ಮನೆಯಿಂದ ಹೊರಡುವಾಗ ಬರೆಯಬೇಕೆಂದಿದ್ದ ಹೆಸರು ನನ್ನದು. ಕಾಗದದ ಮೇಲೆ ಬಂದದ್ದು ಮುಕ್ತಾ. ಹೊರಗೆ ಕಾರಿನಲ್ಲಿ ಕಾದಿದ್ದ ನಮ್ಮವರು ಲೋಟ ನೋಡಿ ಹುಬ್ಬೇರಿಸಿದಾಗ, "ಮಾಲತಿಗೆ ಮೂರು ಅಕ್ಷರ, ಇದಕ್ಕೆ ಎರಡೇ. ಚೀಪ್ ಆಯಿತು" ಎಂದೆ. ಅವರು ಲೋಟವನ್ನು ಮಡಿಲಲ್ಲಿಟ್ಟುಕೊಂಡು ಗೇರು ಬದಲಿಸಿದರು. ಮುದುಕನಿಗೆ ನಮ್ಮ ಒತ್ತಕ್ಷರದ ಮರ್ಮ ಗೊತ್ತಿರಲಿಲ್ಲ, ಅದನ್ನು ಪಕ್ಕಕ್ಕೆ ತಳ್ಳಿ ಒಂಟಿಯಾಗಿ ನಿಲ್ಲಿಸಿದ್ದ. ಪಾರ್ಸಿನ ಟಂಕಸಾಲೆಯವರೂ ಹೀಗೆಯೇ, ಗೊತ್ತಿಲ್ಲದ ಭಾಷೆಯ ಅಕ್ಷರ ಕೊರೆಯುವಾಗ ಎಲ್ಲೆಲ್ಲಿಗೋ ಹೋಗುತ್ತಿದ್ದರಂತೆ, ಅಂಕಲ್ ನೋಡಿ ಖುಷಿಪಟ್ಟರು. ಮಾಂಯ್ ಖುಷಿಪಡಲಿಲ್ಲ. "ಅಕ್ಷರ ನೋಡು, ಕಾಗೆ ನಡೆದ ಹಾಗೆ ಉಂಟು. ದುಡ್ಡು ದಂಡ" ಎಂದರು. ಆದರೆ ಅಂದಿನಿಂದ ನೀರು, ಚಹಾ, ಮಜ್ಜಿಗೆ, ಕಷಾಯ ಎಲ್ಲ ಅದೇ ಲೋಟದಲ್ಲಿ. ಅದನ್ನು ತೊಳೆಯಲು ನನ್ನ ಕೈಗೂ ಕೊಡುತ್ತಿರಲಿಲ್ಲ. ನನ್ನನ್ನು ಮಾಲತಿ ಎಂದು ಕರೆದರೆ? ಛೆ, ಇಲ್ಲ. ಚಕ್ರವರ್ತಿಗಳು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಆದರೆ ಝುಬೈದಾ ಬಂದು "ಮಾಲತಕ್ಕ ಇದ್ದಾರಾ?" ಎಂದರೆ, ತುಸು ತಡೆದು, "ಇದ್ದಾಳೆ, ಕರೆಯುತ್ತೇನೆ" ಎನ್ನುತ್ತಿದ್ದರು. ಆಮೇಲೆ ಒಳಗೆ ಬಂದು "ಪ್ರಭಾವತೀ, ನಿನ್ನನ್ನು ಕೇಳ್ತಾ ಇದ್ದಾರೆ" ಎನ್ನುತ್ತಿದ್ದರು.

ಅದೆಲ್ಲ ಈಗ ಎಷ್ಟು ಹಿಂದೆ ಹೋಯಿತು! ರುಸ್ತುಮ್ ಅಂಕಲ್ ರಿಟೈರ್ ಆಗಿ ಡಬ್ಬಿಯ ಸಮೇತ ಬೊಂಬಾಯಿಗೆ ಹೋದರು, ಕ್ರಿಸ್‌ಮಸ್ಸಿಗೂ ದೀಪಾವಳಿಗೂ ಕಾರ್ಡು ಬರುತ್ತಿತ್ತು, ಒಂದು ವರ್ಷ ಬರಲಿಲ್ಲ. ಮಾಂಯ್ ತೀರಿಹೋದಾಗ ಲೋಟವನ್ನು ಅವರ ಮಗಳು ತೆಗೆದುಕೊಂಡು ಹೋದಳು, ಮುಕ್ತಾ ಯಾರೆಂದು ಅವಳ ಮಕ್ಕಳು ಕೇಳುತ್ತಿರಬಹುದು. ಉಪ್ಪಿನಂಗಡಿಯಲ್ಲಿ ಮೊಮ್ಮಕ್ಕಳ ನಡುವೆ ಕುಳಿತಿರುವ ಝುಬೈದಾ ಮಾತ್ರ ಆಗಾಗ ಫೋನ್ ಮಾಡುತ್ತಾಳೆ. "ಮಾಲತಕ್ಕ, ಹೇಗಿದ್ದೀರಿ?" ಎಂದು ಕೇಳಿ, ಉತ್ತರ ಬಂದ ಮೇಲೆ, "ಮತ್ತೆ ಆ ಪ್ರಭಾವತಿ? ಇನ್ನೂ ಇದ್ದಾಳಾ ಮನೆಯಲ್ಲಿ?" ಎನ್ನುತ್ತಾಳೆ. ಇಬ್ಬರೂ ಕೆಮ್ಮು ಬರುವವರೆಗೆ ನಗುತ್ತೇವೆ. ಈಗ ನನ್ನನ್ನು ಆ ಹೆಸರಿನಿಂದ ಕರೆಯುವವಳು ಅವಳೊಬ್ಬಳೇ.

ನಮ್ಮವರೂ ಹೋದ ಮೇಲೆ ನಾನೀಗ ಮಂಗಳೂರಿನಲ್ಲಿ ಮಗ-ಸೊಸೆಯ ಜೊತೆ ಇದ್ದೇನೆ. ಸೊಸೆ ಅನುಷಾ ಡೆಂಟಿಸ್ಟ್, ನಮ್ಮ ದೊರೆಗೆ ಅನುಕೂಲವಾಗುತ್ತಿತ್ತು. ಮದುವೆಯಲ್ಲಿ ಪುರೋಹಿತರು ಅಕ್ಕಿಯ ತಟ್ಟೆ ತಂದಾಗ, "ನೋ ನೀಡ್, ಅವಳ ಹೆಸರು ಅವಳಿಗೇ ಇರಲಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದವಳು ನಾನು. ಆ ಬಗ್ಗೆ ಇಂದಿಗೂ ನನ್ನ ಭುಜ ನಾನೇ ತಟ್ಟಿಕೊಳ್ಳುತ್ತೇನೆ. ಅಡಿಗೆಮನೆಯನ್ನೂ ಡಬ್ಬಿಗಳ ಸಮೇತ ಅವಳಿಗೆ ಬಿಟ್ಟುಕೊಟ್ಟಿದ್ದೇನೆ. ಅವಳು ತುಂಬಾ ಅಚ್ಚುಕಟ್ಟು. ಪುಟ್ಟ ಯಂತ್ರವೊಂದನ್ನು ತರಿಸಿ ಬಿಳಿ ಲೇಬಲ್ ಅಚ್ಚು ಹಾಕಿ ಎಲ್ಲ ಡಬ್ಬಿಗಳಿಗೂ ಅಂಟಿಸಿದಳು. ಓಟ್ಸ್, ಚಿಯಾ ಸೀಡ್ಸ್, ಬ್ರೌನ್ ರೈಸ್. ಸರಿಯಾಗಿ ಎಲ್ಲಿ ಅಂಟಿಸಿದಳೆಂದರೆ ಪ್ರಭಾವತಿಯ ಮೇಲೆಯೇ. ಅವಳಿಗೆ ಗೊತ್ತಿರಲಿಲ್ಲ, ಪಾಪ, ಲೇಬಲ್ಲಿಗೆ ಒಳ್ಳೆಯ ಜಾಗ ಎಂದು ಕಂಡಿರಬೇಕು. ನಾನೂ ಏನೂ ಹೇಳಲಿಲ್ಲ, ಐ ಆಮ್ ಎ ಮಾಡರ್ನ್ ವುಮನ್. ಆದರೆ ಅವಳು ಕ್ಲಿನಿಕ್ಕಿಗೆ ಹೋದ ಮೇಲೆ ಅಡಿಗೆಮನೆಗೆ ಹೋಗಿ, ಓಟ್ಸಿನ ಮೇಲೆ ಬೆರಳಾಡಿಸಿ, ಅಡಿಯಲ್ಲಿ ಚುಕ್ಕಿಗಳು ತಾಗುತ್ತವೆಯೇ ಎಂದು ನೋಡುತ್ತೇನೆ. ತಾಗುತ್ತವೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು, ನಿಲ್ಲಿಸಲಾಗುವುದಿಲ್ಲ. ಉಗುರಿನಿಂದ ಒಂದು ಮೂಲೆಯನ್ನು ಮೆಲ್ಲಗೆ ಎಬ್ಬಿಸುತ್ತೇನೆ, 'ಪ್ರ' ಕಾಣುವಷ್ಟು, ಹೆಚ್ಚಿಲ್ಲ.

ಮೊನ್ನೆ ಅನುಷಾ ಒಂದೊಂದೇ ಡಬ್ಬಿ ನೋಡುತ್ತ, "ಮಮ್ಮಿ, ಈ ಲೇಬಲ್‌ಗಳೆಲ್ಲ ಯಾಕೆ ಒಂದೇ ಮೂಲೆಯಲ್ಲಿ ಏಳ್ತಾ ಇವೆ?" ಎಂದಳು.

"ಹ್ಯುಮಿಡಿಟಿ" ಎಂದೆ. ಮಂಗಳೂರಿನಲ್ಲಿ ಯಾವುದಕ್ಕೂ ನಡೆಯುವ ಉತ್ತರ ಅದು. ಅವಳು ಮತ್ತೊಮ್ಮೆ ಒತ್ತಿ ಅಂಟಿಸಿ ಹೋದಳು. ನಾನು ಉಗುರು ಕತ್ತರಿಸಿಕೊಳ್ಳುವುದನ್ನು ಸದ್ಯಕ್ಕೆ ಮುಂದೂಡಿದ್ದೇನೆ. ಬಾಳಿಡೀ ನಾನು ಬೇಡ ಬೇಡ ಎಂದ ಹೆಂಗಸು, ಆದರೆ ಈಗ ಅವಳಿಗೆ ನಾನಲ್ಲದೆ ಇನ್ಯಾರಿದ್ದಾರೆ?